ಗೂಬೆಯ ಬೆಲೆಯೂ ಧರ್ಮಶಾಸ್ತ್ರದ ಬೇಲಿಯೂ: ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಕಾನೂನುಗಳ ಉದ್ದೇಶವನ್ನು ಕುರಿತು

2018ರ ಡಿಸೆಂಬರ್ 7ರಂದು ತೆಲಂಗಾಣ ವಿಧಾನಸಭೆಗೆ ಮತದಾನ ನಡೆಯಿತು. ಅದರ ಮುನ್ನಾ ದಿನಗಳಲ್ಲಿ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಿಂದ ಒಂದು ವಿಚಿತ್ರ ಸುದ್ದಿ ಹೊರಬಿದ್ದು ದೇಶದ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಗೂಬೆಗಳನ್ನು ಮಾರಲು ಯತ್ನಿಸಿದ ಆರೋಪದ ಮೇಲೆ ಆರು ಮಂದಿಯನ್ನು ಅಲ್ಲಿ ಬಂಧಿಸಲಾಗಿತ್ತು. ಗಡಿಯಾಚೆಯ ಚುನಾವಣೆಯಲ್ಲಿ ಸ್ಪರ್ಧಿಸಿದ್ದವರಿಗಾಗಿ, ಎದುರಾಳಿಗಳಿಗೆ ಕೇಡು ತರುವ ಮಾಟಕ್ಕಾಗಿ ಈ ಹಕ್ಕಿಗಳಿಗೆ ಬೇಡಿಕೆ ಬಂದಿತ್ತು ಎಂಬುದು ವರದಿಗಳ ಸಾರಾಂಶ. ಓದಿದವರಲ್ಲಿ ಅನೇಕರು ನಕ್ಕರು. ನಾವೂ ಮೊದಲು ನಕ್ಕೆವೆಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಆ ಸುದ್ದಿಯಲ್ಲಿ ಒಂದು ಕಾಡುಹಕ್ಕಿ, ಅದನ್ನು ಹಿಡಿದ ಕೈ, ಅದನ್ನು ಕೊಳ್ಳಲಿದ್ದ ಹಣ, ಆ ಹಣದ ಹಿಂದಿದ್ದ ಭಯ ಹಾಗೂ ಇವೆಲ್ಲವುಗಳ ನಡುವೆ ಬಂದು ನಿಂತ ಕಾನೂನು ಒಟ್ಟಿಗೆ ಕಾಣಿಸಿಕೊಂಡವು. ಇಷ್ಟು ಸಂಗತಿಗಳು ಒಂದೆಡೆ ಸೇರಿದಾಗ ದೇವವಿದ್ಯಾಶಾಸ್ತ್ರಕ್ಕೆ ಅಲ್ಲಿ ಕೆಲಸವಿದೆ ಎಂದು ನಾವು ಭಾವಿಸುತ್ತೇವೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನು ಬಲ್ಲ ಓದುಗರಿಗೆ ಆ ನೆಲದ ವರ್ಣನೆ ಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಇದು ಸುಣ್ಣಕಲ್ಲಿನ ಸೀಮೆ. ಮೇಲೆ ತೊಗರಿ, ಕೆಳಗೆ ಫರಸಿ. ಶಹಾಬಾದ ಕಲ್ಲು ನಾಡಿನ ಮನೆಮನೆಯ ನೆಲದಲ್ಲಿದೆ. ವಾಡಿಯ, ಸೇಡಂನ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಅದೇ ಕಲ್ಲನ್ನು ಸುಟ್ಟು ಪುಡಿಮಾಡುತ್ತವೆ. ವಾಡಿ ಜಂಕ್ಷನ್ನಿನಿಂದ ಕವಲೊಡೆಯುವ, ನಿಜಾಮರ ಕಾಲದಲ್ಲಿ 1874ರಲ್ಲಿ ತೆರೆದ ರೈಲುಮಾರ್ಗವು ಚಿತ್ತಾಪುರ, ಸೇಡಂಗಳನ್ನು ಹಾದು ತಾಂಡೂರಿನ ಮೂಲಕ ಸಿಕಂದರಾಬಾದಿಗೆ ಹೋಗುತ್ತದೆ. ಇಲ್ಲಿ ಗಡಿಯೆಂಬುದು ನಕ್ಷೆಯ ಮೇಲಿನ ಗೆರೆ. ನಂಟಸ್ತಿಕೆಗೂ ಸಂತೆಗೂ ಅದು ಅಡ್ಡಿಯಲ್ಲ. ಚಿಂಚೋಳಿಯಲ್ಲಿ 2011ರಲ್ಲಿ ಘೋಷಿತವಾದ ಸುಮಾರು 134 ಚದರ ಕಿಲೋಮೀಟರಿನ ವನ್ಯಜೀವಿಧಾಮವಿದೆ. ಬಯಲುಸೀಮೆಯ ಎಲೆಯುದುರುವ ಕಾಡು ಅದು. ತೋಳ, ಕತ್ತೆಕಿರುಬ, ಕೃಷ್ಣಮೃಗ, ನರಿಗಳ ಆಶ್ರಯ. ಅದರ ಒಳಗೂ ಅಂಚಿನಲ್ಲಿಯೂ ಲಂಬಾಣಿ ತಾಂಡಾಗಳಿವೆ.

ಕೊಂಬಿನ ಗೂಬೆಗೆ ಇಂಥ ನೆಲವೇ ಬೇಕು. ಅದು ಗೂಡು ಕಟ್ಟುವುದಿಲ್ಲ. ಬಂಡೆಯ ಚಾಚಿನ ಮೇಲೋ ಕೊರಕಲಿನ ದಂಡೆಯಲ್ಲೋ ಬರಿಯ ನೆಲದ ಮೇಲೆ ಮೂರೋ ನಾಲ್ಕೋ ಮೊಟ್ಟೆಯಿಟ್ಟು ಕಾವು ಕೊಡುತ್ತದೆ. ಆದ್ದರಿಂದಲೇ ಅದನ್ನು ಹಿಡಿಯುವುದು ಸುಲಭ. ಅದರ ಮುಖ್ಯ ಆಹಾರ ಇಲಿ ಹೆಗ್ಗಣಗಳು. ತೊಗರಿ ಬೆಳೆಯುವ ರೈತನ ರಾತ್ರಿಯ ಆಳು ಅದು, ಕೂಲಿ ಕೇಳದ ಆಳು. ಆದರೂ ನಮ್ಮ ಭಾಷೆ ಅದಕ್ಕೆ ಕೊಟ್ಟಿರುವ ಸ್ಥಾನವೇನು? ತಪ್ಪು ಒಬ್ಬನದು, ಹೊರೆ ಮತ್ತೊಬ್ಬನ ಮೇಲೆ ಎಂದಾಗ 'ಗೂಬೆ ಕೂರಿಸಿದರು' ಎನ್ನುತ್ತೇವೆ. ಮನೆಯ ಮೇಲೆ ಗೂಬೆ ಕೂತರೆ ಶಾಂತಿ ಮಾಡಿಸುವವರಿದ್ದಾರೆ. ಬುಡಬುಡಿಕೆಯವನು ಹಾಲಕ್ಕಿಯ ನುಡಿ ಕೇಳಿ ಬೆಳಗಿನ ಜಾವದಲ್ಲಿ ಭವಿಷ್ಯ ಹೇಳುತ್ತಾನೆ. ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ ಜನರ ಪಾಪಗಳನ್ನು ಹೊತ್ತು ಅಡವಿಗೆ ಹೋಗುವ ಹೋತವನ್ನು ನಾವು ತರಗತಿಯಲ್ಲಿ ವಿವರಿಸುತ್ತೇವೆ. ನಮ್ಮೂರಿನಲ್ಲಿ ಆ ಕೆಲಸಕ್ಕೆ ಗೂಬೆಯನ್ನು ನೇಮಿಸಿಕೊಂಡಂತಿದೆ. ಒಂದು ವ್ಯತ್ಯಾಸವುಂಟು: ಆ ಹೋತವನ್ನು ಜೀವಂತವಾಗಿ ಬಿಟ್ಟುಬಿಡುತ್ತಿದ್ದರು.

ವ್ಯಾಪಾರವನ್ನೇ ಏಕೆ ತಡೆಯಬೇಕು?

ಗ್ರಾಮಾಂತರ ಸೇವೆಗೆ ಹೋಗಿ ಬರುವ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: ಕೋಳಿಯನ್ನು ಮಾರಬಹುದು, ಕುರಿಯನ್ನು ಮಾರಬಹುದು, ಕಾಡಿನಲ್ಲಿ ಯಾರಿಗೂ ಬೇಡವಾದ ಗೂಬೆಯನ್ನೋ ಮಣ್ಣುಮುಕ್ಕ ಹಾವನ್ನೋ ಮಾರಿದರೆ ಸರ್ಕಾರಕ್ಕೇನು ನಷ್ಟ? ಪ್ರಶ್ನೆ ಸರಳವಾಗಿದೆ, ಉತ್ತರ ಅಷ್ಟು ಸರಳವಲ್ಲ. ಕೊಂಬಿನ ಗೂಬೆ ಜಾಗತಿಕ ಪಟ್ಟಿಗಳಲ್ಲಿ ಇಂದು ಅಳಿವಿನಂಚಿನ ಹಕ್ಕಿಯೆಂದು ಗಣಿತವಾಗಿಲ್ಲ. ಸದ್ಯಕ್ಕೆ ಅದಕ್ಕೆ ಗಂಡಾಂತರವಿಲ್ಲವೆಂದೇ ಲೆಕ್ಕ. ಹಾಗಿದ್ದರೂ ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಕಾನೂನಿನ ಕಡಿವಾಣವೂ ಭಾರತದ ಕಾನೂನಿನ ನಿಷೇಧವೂ ಇವೆ. ಈ ತೊಡಕನ್ನು ಬಿಡಿಸಿದರೆ ಕಾನೂನಿನ ಉದ್ದೇಶ ತಾನಾಗಿ ತಿಳಿಯುತ್ತದೆ.

1973ರ ಮಾರ್ಚ್ 3ರಂದು ವಾಷಿಂಗ್ಟನ್ನಿನಲ್ಲಿ ಸಹಿಯಾಗಿ 1975ರ ಜುಲೈ 1ರಿಂದ ಜಾರಿಗೆ ಬಂದ ಸೈಟಿಸ್ ಒಪ್ಪಂದಕ್ಕೆ ಭಾರತವು 1976ರಲ್ಲಿ ಸೇರಿತು. ಇಂದು 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಅದರ ಮೊದಲನೆಯ ಅನುಬಂಧದಲ್ಲಿ ಅಳಿವಿನ ಭೀತಿಯಲ್ಲಿರುವ ಜೀವಿಗಳಿವೆ. ಅವುಗಳ ವಾಣಿಜ್ಯ ವ್ಯಾಪಾರ ನಿಷಿದ್ಧ. ಭಾರತದ ತೋಳವೂ ಹುಲಿಯೂ ಚಿಪ್ಪುಹಂದಿಯೂ ಅಲ್ಲಿವೆ. ನಕ್ಷತ್ರ ಆಮೆ 2019ರಲ್ಲಿ ಅಲ್ಲಿಗೆ ಸೇರಿತು. ಎರಡನೆಯ ಅನುಬಂಧವೇ ಬಹಳ ದೊಡ್ಡದು. ಇಂದು ಅಳಿವಿನ ಭೀತಿಯಿಲ್ಲದಿದ್ದರೂ ವ್ಯಾಪಾರವನ್ನು ಅಂಕೆಯಲ್ಲಿಡದಿದ್ದರೆ ಆ ಸ್ಥಿತಿಗೆ ಬರಬಹುದಾದ ಜೀವಿಗಳು ಅದರಲ್ಲಿವೆ. ಅವುಗಳನ್ನು ಹೋಲುವುದರಿಂದ ಪರೀಕ್ಷಿಸುವ ಅಧಿಕಾರಿಗೆ ಗುರುತು ಸಿಗದಂಥ ಜೀವಿಗಳನ್ನೂ ಅಲ್ಲಿಯೇ ಸೇರಿಸಬಹುದು. ಗೂಬೆಗಳ ಗಣವಿಡೀ, ಮೊದಲನೆಯ ಅನುಬಂಧಕ್ಕೆ ಹೋದ ಕೆಲವನ್ನು ಬಿಟ್ಟರೆ, ಈ ಎರಡನೆಯದರಲ್ಲಿದೆ. ಮೂರನೆಯದು ಒಂದೊಂದು ದೇಶ ತನ್ನ ನೆಲದ ಜೀವಿಯ ರಕ್ಷಣೆಗೆ ಇತರರ ನೆರವನ್ನು ಕೋರಿ ಸೇರಿಸುವ ಪಟ್ಟಿ.

ಒಪ್ಪಂದವು ಗಡಿ ದಾಟುವ ಸರಕನ್ನಷ್ಟೇ ನೋಡುತ್ತದೆ. ದೇಶದೊಳಗೆ ನಡೆಯುವುದನ್ನು ನೋಡಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. 1991ರ ತಿದ್ದುಪಡಿಯ ಬಳಿಕ ನಮ್ಮ ದೇಶದ ಕಾಡುಹಕ್ಕಿಗಳ ವ್ಯಾಪಾರ ಬಹುಮಟ್ಟಿಗೆ ನಿಂತುಹೋಗಬೇಕಿತ್ತು. 2022ರ ತಿದ್ದುಪಡಿ, 2023ರ ಏಪ್ರಿಲ್ 1ರಿಂದ, ಸೈಟಿಸ್ ಒಪ್ಪಂದವನ್ನು ಈ ಕಾಯಿದೆಯೊಳಗೇ ತಂದು ಕೂಡಿಸಿತು; ಸಾಮಾನ್ಯ ಅಪರಾಧದ ಗರಿಷ್ಠ ದಂಡವನ್ನು 25,000 ರೂಪಾಯಿಯಿಂದ 1 ಲಕ್ಷಕ್ಕೆ ಏರಿಸಿತು. ಇದರ 57ನೆಯ ಸೆಕ್ಷನ್ ನಮ್ಮ ಗಮನಕ್ಕೆ ಯೋಗ್ಯವಾದುದು. ಒಬ್ಬನ ವಶದಲ್ಲಿ ಬಂಧಿತ ಪ್ರಾಣಿಯೋ ಅದರ ಚರ್ಮ, ಮಾಂಸ ಮುಂತಾದುವೋ ಇದೆಯೆಂದು ರುಜುವಾತಾದರೆ, ಅದು ಕಾನೂನುಬದ್ಧವೆಂದು ತೋರಿಸುವ ಹೊಣೆ ಅವನದೇ. ಸಾಮಾನ್ಯವಾಗಿ ನಾವು ಇಂಥ ತಿರುವುಮುರುವಾದ ಹೊಣೆಗಾರಿಕೆಯನ್ನು ಸಂಶಯದಿಂದ ನೋಡುವವರು. ಆದರೆ ರಾತ್ರಿ ಬಂಡೆಯ ಮೇಲೆ ಬಲೆ ಹಾಕಿದವನನ್ನು ಕಣ್ಣಾರೆ ಕಂಡ ಸಾಕ್ಷಿ ಎಲ್ಲಿಂದ ಬರಬೇಕು? ಕೊಲ್ಲಲ್ಪಟ್ಟ ಹಕ್ಕಿ ದೂರು ಕೊಡುವುದಿಲ್ಲ. ಆದ್ದರಿಂದ ಕಾನೂನು ಬೇಟೆಯ ಕ್ಷಣವನ್ನು ಮಾತ್ರ ಹುಡುಕುತ್ತ ಕೂರದೆ, ಹಣ ಕೈಬದಲಾಗುವ ಹಾದಿಯಲ್ಲಿ ಕಾವಲು ಹಾಕುತ್ತದೆ.

ಇದಕ್ಕೊಂದು ಆಳವಾದ ಕಾರಣವಿದೆ. ಊರಿನವನು ಊಟಕ್ಕಾಗಿ ಬೇಟೆಯಾಡಿದರೆ ಅವನ ಹಸಿವಿಗೆ ಒಂದು ಮಿತಿಯಿರುತ್ತದೆ. ಪ್ರಾಣಿ ವಿರಳವಾದಂತೆ ಹುಡುಕುವ ಶ್ರಮ ಹೆಚ್ಚಿ ಅವನು ಬೇರೆ ಕೆಲಸ ನೋಡಿಕೊಳ್ಳುತ್ತಾನೆ. ಪ್ರಾಣಿಗೆ ಚೇತರಿಸಿಕೊಳ್ಳಲು ಬಿಡುವು ಸಿಗುತ್ತದೆ. ದೂರದ ಶ್ರೀಮಂತನ ಬೇಡಿಕೆಗೆ ಆ ಮಿತಿ ಇಲ್ಲ. ಅಲ್ಲಿ ವಿರಳತೆಯೇ ಬೆಲೆ. ಪ್ರಾಣಿ ಕಡಿಮೆಯಾದಷ್ಟೂ ಬೆಲೆ ಏರುತ್ತದೆ, ಬೆಲೆ ಏರಿದಷ್ಟೂ ಕೊನೆಯದನ್ನು ಹುಡುಕಿ ಹಿಡಿಯುವ ಆಸೆ ಏರುತ್ತದೆ. ಫ್ರಾನ್ಸಿನ ಫ್ರಾಂಕ್ ಕೂರ್ಶಾಂ ಮತ್ತು ಸಂಗಡಿಗರು 2006ರಲ್ಲಿ ಈ ಸುಳಿಯನ್ನು ಗಣಿತದ ಮಾದರಿಯಿಂದ ತೋರಿಸಿಕೊಟ್ಟರು. ಮಾರುಕಟ್ಟೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆಂಬ ಸಾಮಾನ್ಯ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ.

ಇನ್ನು, ಸಮೃದ್ಧವಾಗಿರುವುದನ್ನು ಏಕೆ ಕಾಯಬೇಕೆಂಬ ಪ್ರಶ್ನೆಗೆ ಉತ್ತರ ಅಮೆರಿಕದ ಪ್ಯಾಸೆಂಜರ್ ಪಾರಿವಾಳದ ಕಥೆಯೊಂದೇ ಸಾಕು. 19ನೆಯ ಶತಮಾನದಲ್ಲಿ ಅವು ಕೋಟ್ಯನುಕೋಟಿ ಇದ್ದವು; ಹಾರಿದರೆ ಆಕಾಶ ಕಪ್ಪಾಗುತ್ತಿತ್ತು. ರೈಲೂ ತಂತಿಯೂ ಬಂದ ಮೇಲೆ ವೃತ್ತಿಪರ ಬೇಟೆಗಾರರು ಅವುಗಳನ್ನು ಪೀಪಾಯಿಗಳಲ್ಲಿ ತುಂಬಿ ಪಟ್ಟಣಗಳಿಗೆ ಕಳುಹಿಸಿದರು. ಕೊನೆಯದು 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ನಮ್ಮಲ್ಲಿಯೇ ರಣಹದ್ದುಗಳು, ಕಾರಣ ಬೇರೆಯಾದರೂ, 1990ರ ದಶಕದಿಂದೀಚೆಗೆ ಎಷ್ಟು ಬೇಗ ಕಾಣೆಯಾದವೆಂಬುದನ್ನು ನಡುವಯಸ್ಸಿನ ಓದುಗರು ಬಲ್ಲರು. ಹೇರಳವಾಗಿದೆ ಎಂಬುದು ಭದ್ರತೆಯಲ್ಲ. ಎರಡನೆಯ ಅನುಬಂಧವು ನಾಶ ಬರುವ ಮುಂಚೆ ಮಾತನಾಡುವ ಕಾನೂನು. ಪ್ರವಾದಿಗಳ ಗ್ರಂಥಗಳನ್ನು ಓದುವವರಿಗೆ ಈ ಕ್ರಮ ಹೊಸದೆನಿಸಬೇಕಾಗಿಲ್ಲ.

ತಾಯಿಹಕ್ಕಿಯ ಆಜ್ಞೆ

ಧರ್ಮೋಪದೇಶಕಾಂಡ 22:6-7ರಲ್ಲಿ ಒಂದು ಪುಟ್ಟ ಆಜ್ಞೆಯಿದೆ. ದಾರಿಯಲ್ಲಿ, ಮರದಲ್ಲೋ ನೆಲದ ಮೇಲೋ, ಹಕ್ಕಿಯ ಗೂಡು ಕಂಡರೆ ಮರಿಗಳನ್ನೋ ಮೊಟ್ಟೆಗಳನ್ನೋ ತೆಗೆದುಕೊಳ್ಳಬಹುದು. ಕಾವು ಕೂತ ತಾಯಿಯನ್ನು ಬಿಟ್ಟುಬಿಡಬೇಕು. ಹೀಗೆ ನಡೆದವನಿಗೆ ಮೇಲಾಗುವುದೆಂದೂ ಅವನು ಬಹುಕಾಲ ಬಾಳುವನೆಂದೂ ವಾಗ್ದಾನ. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಗೆ ಜೋಡಿಸಿದ ವಾಗ್ದಾನವೇ ಇದು. ಹತ್ತು ಆಜ್ಞೆಗಳ ಪ್ರತಿಫಲವನ್ನು ಒಂದು ಹಕ್ಕಿಗೂಡಿಗೆ ಕೊಟ್ಟಿರುವುದನ್ನು ಯೆಹೂದ್ಯ ಪಂಡಿತರು ಬೆರಗಿನಿಂದ ಗಮನಿಸಿದರು. ನಮ್ಮ ವ್ಯಾಖ್ಯಾನಗಳು ಬಹಳಮಟ್ಟಿಗೆ ಹಾಗೆಯೇ ದಾಟಿಹೋಗುತ್ತವೆ.

ಈ ಆಜ್ಞೆಯ ಕಾರಣವೇನು? 12ನೆಯ ಶತಮಾನದ ಮೈಮೊನಿದೀಸ್ ತಾಯಿಯ ನೋವನ್ನು ಮುಂದಿಟ್ಟನು: ಮರಿಗಳನ್ನು ಕಳೆದುಕೊಳ್ಳುವ ಸಂಕಟದಲ್ಲಿ ಮನುಷ್ಯನಿಗೂ ಪ್ರಾಣಿಗೂ ಭೇದವಿಲ್ಲ. ಅದಕ್ಕೂ ಬಹಳ ಹಿಂದೆಯೇ ಮಿಷ್ನಾ, ದೇವರ ಕರುಣೆ ಹಕ್ಕಿಗೂಡಿನ ತನಕ ಮುಟ್ಟುತ್ತದೆಂದು ಪ್ರಾರ್ಥನೆಯಲ್ಲಿ ಹೇಳುವವನನ್ನು ಸುಮ್ಮನಿರಿಸಬೇಕೆಂದಿತ್ತು. ಆಜ್ಞೆಯನ್ನು ಭಾವುಕತೆಯಾಗಿ ಕರಗಿಸಬಾರದೆಂಬುದು ಅದರ ಒಂದು ಅರ್ಥ. 13ನೆಯ ಶತಮಾನದ ನಹ್ಮನಿದೀಸ್ ಮೂರನೆಯ ದಾರಿ ಹಿಡಿದನು. ಒಂದು ಜಾತಿಯ ಪ್ರಾಣಿಯನ್ನು ವಧಿಸಲು ಧರ್ಮಶಾಸ್ತ್ರವು ಅಪ್ಪಣೆ ಕೊಟ್ಟಿದ್ದರೂ, ಆ ಜಾತಿಯನ್ನೇ ಬೇರುಸಹಿತ ಕಿತ್ತುಹಾಕಲು ಅಪ್ಪಣೆ ಕೊಟ್ಟಿಲ್ಲ; ತಾಯಿಯನ್ನೂ ಮರಿಯನ್ನೂ ಒಟ್ಟಿಗೆ ತೆಗೆಯುವುದು ಜಾತಿಯನ್ನೇ ತೆಗೆದಂತೆ ಎಂದು ಅವನು ವಿವರಿಸಿದನು. ಸೈಟಿಸ್ ಒಪ್ಪಂದಕ್ಕೆ ಏಳುನೂರು ವರ್ಷಗಳ ಮೊದಲೇ ಅದರ ಮುಖ್ಯ ತತ್ತ್ವ ಹೀಗೆ ಒಂದು ವ್ಯಾಖ್ಯಾನದ ಬದಿಯಲ್ಲಿ ಬರೆದಿತ್ತು. ಬಳಸುವ ಹಕ್ಕು ಬೇರೆ, ಮುಗಿಸುವ ಹಕ್ಕು ಬೇರೆ. ಮೊದಲನೆಯದು ಮನುಷ್ಯನಿಗೆ ಕೊಡಲ್ಪಟ್ಟಿದೆ. ಎರಡನೆಯದನ್ನು ದೇವರು ಯಾರ ಕೈಗೂ ಕೊಟ್ಟಿಲ್ಲ. ಜಲಪ್ರಳಯದ ಹೊತ್ತಿನಲ್ಲಿಯೂ ಜಾತಿಜಾತಿಯ ಜೋಡಿಗಳನ್ನು ಉಳಿಸುವ ಹೊಣೆಯನ್ನು ನೋಹನ ಮೇಲಿಟ್ಟನು, ಮತ್ತು ಆ ಬಳಿಕ ಮಾಡಿದ ಒಡಂಬಡಿಕೆಯನ್ನು ಸಮಸ್ತ ಜೀವಿಗಳೊಂದಿಗೆ ಮಾಡಿದನು (ಆದಿಕಾಂಡ 9).

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಯಾಜಕಕಾಂಡ 11ರ ಪ್ರಕಾರ ಗೂಬೆ ಅಶುದ್ಧ ಪಕ್ಷಿ. ನಮ್ಮ ಬೋಧನೆಯಲ್ಲಿ ಅಶುದ್ಧವೆಂದರೆ ಹೇಯವೆಂದು ಕೇಳಿಸುತ್ತದೆ; ಗೂಬೆಯ ಬಗೆಗಿನ ನಾಡಿನ ತಾತ್ಸಾರಕ್ಕೆ ಸತ್ಯವೇದದ ಮುದ್ರೆ ಒತ್ತಿದಂತಾಗುತ್ತದೆ. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1999ರ ತನ್ನ ಗ್ರಂಥದಲ್ಲಿ ಇದನ್ನು ತಲೆಕೆಳಗು ಮಾಡಿದಳು: ಆ ಪ್ರಾಣಿಗಳನ್ನು ಮುಟ್ಟಬಾರದೆಂಬ ನಿಯಮವು ಅವುಗಳ ಸುತ್ತ ಹಾಕಿದ ಬೇಲಿ, ಅವು ಮನುಷ್ಯನ ಬಾಯಿಗೆ ಬೀಳದಂತೆ ಕಾಯುವ ಬೇಲಿ. ಈ ವಾದವನ್ನು ಎಲ್ಲ ಪಂಡಿತರೂ ಒಪ್ಪಿಲ್ಲ. ನಾವೂ ಪೂರ್ತಿಯಾಗಿ ಒಪ್ಪುವುದಿಲ್ಲ. ಆದರೆ ಯೆಶಾಯ 34ನ್ನು ಅದರ ಪಕ್ಕದಲ್ಲಿಟ್ಟು ಓದಿದಾಗ ಅದಕ್ಕೆ ಬಲ ಬರುತ್ತದೆ. ಎದೋಮಿನ ಕೋಟೆಗಳು ಹಾಳಾದ ಮೇಲೆ ಅಲ್ಲಿ ಗೂಬೆಯೂ ಕಾಗೆಯೂ ವಾಸಿಸುವವು. ನಾವು ಅಲ್ಲಿಗೇ ನಿಲ್ಲಿಸುತ್ತೇವೆ. ಪ್ರವಾದಿ ಮುಂದುವರಿಯುತ್ತಾನೆ: ಆ ಹಾಳುಬೀಡಿನ ಜೀವಿಗಳಲ್ಲಿ ಒಂದಕ್ಕೂ ಜೋಡಿಯ ಕೊರತೆಯಿರದು, ಯೆಹೋವನೇ ನೂಲುಹಿಡಿದು ಅವುಗಳಿಗೆ ಆ ಭೂಮಿಯನ್ನು ಹಂಚಿಕೊಟ್ಟಿದ್ದಾನೆ. ಕನಾನ್ ದೇಶವನ್ನು ಗೋತ್ರಗಳಿಗೆ ಹಂಚಿದ ಭಾಷೆಯೇ ಇದು. ಮಳಖೇಡದ ಕಾಗಿಣಾ ದಂಡೆಯಲ್ಲಿ ರಾಷ್ಟ್ರಕೂಟರ ಮಾನ್ಯಖೇಟದ ಪಾಳುಕೋಟೆಯನ್ನು ಕಂಡವರು ಈ ವಚನಗಳನ್ನು ಬೇರೆ ಕಣ್ಣಿನಿಂದ ಓದಬಲ್ಲರು.

ಪೌಲನ ಒಂದು ಮಾತು ಇಲ್ಲಿ ಅಡ್ಡಬರುತ್ತದೆಂದು ವಿದ್ಯಾರ್ಥಿಗಳು ಹೇಳುವುದುಂಟು. 1 ಕೊರಿಂಥ 9:9ರಲ್ಲಿ ದೇವರಿಗೆ ಎತ್ತುಗಳ ಚಿಂತೆಯೋ ಎಂದು ಅಪೊಸ್ತಲನು ಕೇಳುತ್ತಾನಲ್ಲವೇ? ಪೌಲನ ವಾದ ಕಿರಿದರಿಂದ ಹಿರಿದಕ್ಕೆ ಏರುವಂಥದು. ಕಣ ತುಳಿಯುವ ಎತ್ತಿಗೇ ಪಾಲಿದ್ದರೆ ದುಡಿಯುವ ಮನುಷ್ಯನಿಗೆ ಇನ್ನೆಷ್ಟು! ಎತ್ತಿಗೆ ಪಾಲೇ ಇಲ್ಲವೆಂದಾದರೆ ಏಣಿಯ ಮೊದಲ ಮೆಟ್ಟಿಲೇ ಮುರಿದುಬೀಳುತ್ತದೆ. ಕರ್ತನ ಗುಬ್ಬಿಗಳ ಮಾತೂ ಹೀಗೆಯೇ. ಮತ್ತಾಯನಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನಲ್ಲಿ ಎರಡು ಕಾಸಿಗೆ ಐದು. ಲೆಕ್ಕ ನೋಡಿದರೆ ಐದನೆಯದು ಕೊಸರು. ಅದಕ್ಕೆ ಬೆಲೆಯೇ ಇಲ್ಲ. ದೇವರು ಮರೆಯದ ಗುಬ್ಬಿಗಳಲ್ಲಿ ಆ ಕೊಸರೂ ಒಂದು. ಕರ್ತನು ಇದನ್ನು ಹೇಳಿದ್ದು ಹಕ್ಕಿಗಳನ್ನು ಮಾರುವ ಸಂತೆಯನ್ನು ಕಣ್ಣೆದುರಿಗಿಟ್ಟುಕೊಂಡು.

ಶಾಪಕ್ಕೆ ಕೂಲಿ

ಗೂಬೆಯ ವ್ಯಾಪಾರದ ಮೂಲ ಹಸಿವಲ್ಲ. 2010ರಲ್ಲಿ ಟ್ರಾಫಿಕ್ ಇಂಡಿಯಾ ಸಂಸ್ಥೆಗಾಗಿ ಪಕ್ಷಿತಜ್ಞ ಅಬ್ರಾರ್ ಅಹ್ಮದ್ ಸಿದ್ಧಪಡಿಸಿದ ವರದಿಯು, ದೇಶದ ಸುಮಾರು 30 ಜಾತಿಯ ಗೂಬೆಗಳಲ್ಲಿ 15 ವ್ಯಾಪಾರದಲ್ಲಿ ಕಂಡುಬಂದವೆಂದೂ, ಮಾಟಮಂತ್ರವೂ ಬಲಿಯೂ ಅದಕ್ಕೆ ಮುಖ್ಯ ಕಾರಣವೆಂದೂ, ದೀಪಾವಳಿಯ ಹೊತ್ತಿಗೆ ಅದು ಏರುತ್ತದೆಂದೂ ತೋರಿಸಿತು. ಮಣ್ಣುಮುಕ್ಕ ಹಾವಿನ ಕಥೆಯೂ ಬೇರೆಯಲ್ಲ. ಬಾಲ ಮೊಂಡಾಗಿ ತಲೆಯಂತೆ ಕಾಣುವುದೇ ಆ ಬಡಪಾಯಿಯ ಅಪರಾಧ. 'ಎರಡು ತಲೆ ಹಾವು' ಎಂದು ಹೆಸರಿಟ್ಟು, ಮನೆಯಲ್ಲಿದ್ದರೆ ಐಶ್ವರ್ಯವೆಂದು ನಂಬಿಸಿ, ತೂಕದ ಮೇಲೆ ಬೆಲೆ ಕಟ್ಟುತ್ತಾರೆ. ವಿಷವಿಲ್ಲದ, ಯಾರಿಗೂ ತೊಂದರೆ ಕೊಡದ, ಇಲಿ ತಿನ್ನುವ ಹಾವು ಅದು.

ಎದುರಾಳಿಗೆ ಕೇಡು ಬಯಸಿ ಹಣ ಕೊಡುವ ರಾಜಕೀಯ ಸತ್ಯವೇದಕ್ಕೆ ಅಪರಿಚಿತವಲ್ಲ. ಅರಣ್ಯಕಾಂಡ 22ರಿಂದ 24ರ ತನಕ ಮೋವಾಬಿನ ಅರಸ ಬಾಲಾಕನು ಮಾಡಿದ್ದು ಇದನ್ನೇ. ಗಡಿಯಲ್ಲಿ ಬಂದಿಳಿದ ಜನರನ್ನು ಕಂಡು ಹೆದರಿ, ಶಪಿಸಲು ಬಿಳಾಮನಿಗೆ ಕೂಲಿ ಕಳುಹಿಸಿದನು. ಆ ಕಥೆಯಲ್ಲಿ ಯೆಹೋವನ ದೂತನನ್ನು ಮೊದಲು ಕಂಡದ್ದು ಒಂದು ಪ್ರಾಣಿ. ಪೆಟ್ಟು ತಿಂದದ್ದೂ ಅದೇ. ದೂತನು ಬಿಳಾಮನನ್ನು ಕೇಳಿದ ಮೊದಲ ಪ್ರಶ್ನೆ, ಕತ್ತೆಯನ್ನು ಮೂರು ಸಾರಿ ಹೊಡೆದದ್ದೇಕೆಂಬುದು. ಮಾಟದ ವಿರುದ್ಧ ಧರ್ಮೋಪದೇಶಕಾಂಡ 18ರ ನಿಷೇಧವನ್ನು ನಾವು ಒಂದನೆಯ ಆಜ್ಞೆಯ ವಿಷಯವಾಗಿ ಬೋಧಿಸುತ್ತೇವೆ, ಸರಿಯೇ. ಆದರೆ ಅದು ನೆರೆಯವನ ವಿಷಯವೂ, ನೆರೆಯವನ ಕೇಡಿಗಾಗಿ ಕಣ್ಣು ಕಿತ್ತಿಸಿಕೊಳ್ಳುವ ಜೀವಿಯ ವಿಷಯವೂ ಆಗಿದೆ. ಕರ್ನಾಟಕವು 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆಯನ್ನು ಅಂಗೀಕರಿಸಿ 2020ರಲ್ಲಿ ಜಾರಿಗೆ ತಂದಾಗ ಸಭೆಗಳಲ್ಲಿ ಅದರ ಬಗ್ಗೆ ಚರ್ಚೆ ಬಹಳ ಕಡಿಮೆ ನಡೆಯಿತು. ನಮಗೆ ಅದು ಸಂಬಂಧಿಸಿಲ್ಲವೆಂಬ ಭಾವನೆ ಇತ್ತೇನೋ. ಮಗುವಿನ ಕೊರಳಿಗೆ ತಾಯಿತವನ್ನೂ ಶಿಲುಬೆಯನ್ನೂ ಒಂದೇ ದಾರದಲ್ಲಿ ಕಟ್ಟಿರುವುದನ್ನು ಕಂಡ ಸಭಾಪಾಲಕರು ಹಾಗೆ ಹೇಳಲಾರರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ವ್ಯಾಪಾರವನ್ನು ಅನ್ಯಮತದವರ ಮೌಢ್ಯವೆಂದು ತೋರಿಸಿ ನಾವು ಪಕ್ಕಕ್ಕೆ ಸರಿಯುವುದು ಅನ್ಯಾಯ. ಗೂಬೆಯನ್ನು ಲಕ್ಷ್ಮಿಯ ವಾಹನವೆಂದು ಗೌರವಿಸುವ ಸಂಪ್ರದಾಯವೇ ಅದನ್ನು ಕೊಲ್ಲುವವರ ವಿರುದ್ಧ ಸಾಕ್ಷಿ ನುಡಿಯುತ್ತದೆ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಗುಡಿಯ ಛಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಬೆಳಕಿಗೆ ಬಂದವು. ಅಲ್ಲಿರುವ 12ನೆಯ ಶಿಲಾಶಾಸನವು, ತನ್ನ ಮತವನ್ನು ಹೊಗಳುತ್ತ ಪರಮತವನ್ನು ಹಳಿಯುವ ನಾಲಿಗೆಗೆ ಕಡಿವಾಣ ಹಾಕಬೇಕೆನ್ನುತ್ತದೆ. ಅದೇ ಅಶೋಕನ 5ನೆಯ ಸ್ತಂಭಶಾಸನ, ಸನ್ನತಿಯಲ್ಲಿ ಇಲ್ಲದಿದ್ದರೂ, ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನು ಕೊಡುತ್ತದೆ: ಗಿಳಿ, ಗೊರವಂಕ, ಬಾವಲಿ, ಆಮೆ, ಮುಳ್ಳುಹಂದಿ, ಕೊನೆಗೆ ಉಪಯೋಗಕ್ಕೂ ಬಾರದ, ಊಟಕ್ಕೂ ಬಾರದ ನಾಲ್ಕು ಕಾಲಿನ ಪ್ರಾಣಿಗಳೆಲ್ಲ. ಉಪಯೋಗಕ್ಕೆ ಬಾರದವುಗಳನ್ನು ಕಾಯುವ ಕಾನೂನು! ಇಷ್ಟು ಹಳೆಯ ಪಟ್ಟಿಯೊಂದು ನಮ್ಮ ನಾಡಿನ ನೆನಪಿನಲ್ಲಿರುವಾಗ 1972ರ ಕಾಯಿದೆಯನ್ನು ಪರದೇಶದ ಆಮದೆಂದು ಹೇಳುವವರ ಮಾತಿಗೆ ನೆಲೆಯಿಲ್ಲ.

ಕಾನೂನು ಮಾಡಬಲ್ಲುದು, ಮಾಡಲಾರದ್ದು

ಧರ್ಮಶಾಸ್ತ್ರದ ಮೂರು ಪ್ರಯೋಜನಗಳನ್ನು ನಾವು ಮೊದಲ ವರ್ಷದಲ್ಲಿಯೇ ಕಲಿಸುತ್ತೇವೆ. ಕಾಲ್ವಿನನ ಎಣಿಕೆಯಲ್ಲಿ ಎರಡನೆಯದಾದ, ಲೂಥರನಲ್ಲಿ ಮೊದಲನೆಯದಾದ ಪ್ರಯೋಜನವೆಂದರೆ ತಡೆಯುವುದು. ಹೃದಯ ಬದಲಾಗದವನ ಕೈಯನ್ನಾದರೂ ಅದು ದಂಡನೆಯ ಭಯದಿಂದ ಹಿಡಿದಿಡುತ್ತದೆ. ಥಾಮಸ್ ಅಕ್ವಿನಾಸನು ಮಾನವ ಕಾನೂನು ಎಲ್ಲ ದುರ್ಗುಣಗಳನ್ನೂ ಅಳಿಸಲು ಹೊರಡಬಾರದು, ಸಮಾಜ ನಿಲ್ಲಲಾರದಂಥ ಘೋರವಾದವುಗಳನ್ನು ಮಾತ್ರ ತಡೆಯಬೇಕೆಂದನು. ವ್ಯಾಪಾರ ನಿಯಂತ್ರಣದ ಕಾನೂನುಗಳನ್ನು ಈ ಅಳತೆಯಿಂದಲೇ ನೋಡಬೇಕು. ಗೂಬೆಯನ್ನು ಪ್ರೀತಿಸೆಂದು ಅವು ಆಜ್ಞಾಪಿಸುವುದಿಲ್ಲ; ಆಜ್ಞಾಪಿಸಲಾರವು. ಮರಳಿ ತರಲಾಗದ ನಷ್ಟವನ್ನು, ಮನಸ್ಸು ತಿರುಗುವವರೆಗೆ, ತಡೆದಿಡುತ್ತವೆ. ಕಳವಾದ ಎತ್ತಿಗೆ ಬದಲಾಗಿ ಐದು ಎತ್ತು ಕೊಡಬಹುದು (ವಿಮೋಚನಕಾಂಡ 22:1). ಅಳಿದ ಜಾತಿಗೆ ಬದಲಾಗಿ ಕೊಡಲು ಏನೂ ಇಲ್ಲ. ಪೋಪ್ ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದ 33ನೆಯ ಪರಿಚ್ಛೇದದಲ್ಲಿ, ನಮ್ಮಿಂದ ಅಳಿದ ಸಾವಿರಾರು ಜಾತಿಗಳು ತಮ್ಮ ಇರವಿನಿಂದ ದೇವರನ್ನು ಮಹಿಮೆಪಡಿಸುವುದು ಇನ್ನಿಲ್ಲವಾಯಿತೆಂಬ ಅರ್ಥದ ಮಾತನ್ನು ಬರೆದರು. ನಷ್ಟವನ್ನು ಆರಾಧನೆಯ ನಷ್ಟವಾಗಿ ಕಂಡರು.

ಆದರೆ ಕಾನೂನಿನ ಬಲೆಗೆ ಯಾರು ಬೀಳುತ್ತಾರೆ? ಹಿಡಿದವನು ಬೀಳುತ್ತಾನೆ, ಸಾಗಿಸಿದವನು ಬೀಳುತ್ತಾನೆ. ಬೇಡಿಕೆಯಿಟ್ಟವನು ಎಷ್ಟೋ ಸಲ ಹೆಸರಿಲ್ಲದೆ ಉಳಿಯುತ್ತಾನೆ. ಪ್ರಕಟನೆ 18ರಲ್ಲಿ ಬಾಬೆಲಿನ ವರ್ತಕರು ಅಳುವ ಸರಕುಪಟ್ಟಿಯನ್ನು ಓದಿರಿ: ಚಿನ್ನ, ಮುತ್ತು, ಸುವಾಸನೆಯ ಅಪರೂಪದ ಮರ, ದಂತ, ಕುರಿ, ಕುದುರೆ; ತುದಿಯಲ್ಲಿ ಮನುಷ್ಯರ ಪ್ರಾಣಗಳು. ದಂತದಿಂದ ಆರಂಭಿಸಿದ ಲೋಭ ಮನುಷ್ಯನಲ್ಲಿ ಕೊನೆಗೊಳ್ಳುತ್ತದೆಂಬಂತೆ ಆ ಪಟ್ಟಿಯಿದೆ. ಮಳೆ ಕೈಕೊಟ್ಟು ತೊಗರಿ ಒಣಗಿದ ವರ್ಷದಲ್ಲಿ, ಗಣಿಯ ಕೆಲಸವೂ ನಿಂತಾಗ, ಒಂದು ಹಕ್ಕಿಗೆ ತಿಂಗಳುಗಳ ಕೂಲಿ ಕೊಡುತ್ತೇನೆಂದು ದಲ್ಲಾಳಿ ಬಂದರೆ ಬಡವನು ಏನು ಮಾಡಬೇಕು? ತಪ್ಪು ತಪ್ಪೇ. ಆದರೆ ಇಬ್ಬರ ತಪ್ಪೂ ಒಂದೇ ತೂಕದ್ದಲ್ಲ. ಬಡವನ ಮೇಲೆ ಮಾತ್ರ ಗೂಬೆ ಕೂರಿಸುವ ಬೋಧನೆಗೆ ನಾವು ಇಳಿಯಬಾರದು.

ಶ್ರೀಗಂಧದ ಇತಿಹಾಸವೂ ಒಂದು ಪಾಠ. ಟಿಪ್ಪುವಿನ ಕಾಲದಿಂದ ಅದು ರಾಜವೃಕ್ಷ. ರೈತನ ಹೊಲದಲ್ಲಿ ಹುಟ್ಟಿದರೂ ಮರ ಸರ್ಕಾರದ್ದು. ಕಾಯುವ ಹೊಣೆ ಇವನದು, ಫಲ ಅವರದು. ಕಳುವಾದರೆ ಉತ್ತರ ಹೇಳಬೇಕಾದವನೂ ಇವನೇ. ಹಾಗಾಗಿ ಸಸಿ ಕಂಡರೆ ಕಿತ್ತೆಸೆದವರಿದ್ದರು. 2001ರಲ್ಲಿ ಕರ್ನಾಟಕವು ಕಾನೂನನ್ನು ತಿದ್ದಿ ನೆಲದ ಒಡೆಯನನ್ನು ಮರದ ಒಡೆಯನನ್ನಾಗಿಸಿತು. ನಿಷೇಧವು ಕಾಯುವವನನ್ನೇ ಶತ್ರುವಾಗಿಸಿದರೆ ಅದು ತನ್ನ ಉದ್ದೇಶಕ್ಕೆ ತಾನೇ ಅಡ್ಡಿಯಾಗುತ್ತದೆ. ಚಿಂಚೋಳಿಯ ತಾಂಡಾಗಳ ಜನರನ್ನು ಕಾಡಿನ ಅಡ್ಡಿಯೆಂದು ನೋಡುವ ಸಂರಕ್ಷಣೆಯನ್ನು ನಾವು ಇದೇ ಕಾರಣಕ್ಕೆ ಒಪ್ಪಲಾರೆವು. ಆದಾಮನಿಗೆ ತೋಟವನ್ನು ವ್ಯವಸಾಯ ಮಾಡುವುದೂ ಕಾಯುವುದೂ ಒಂದೇ ಉಸಿರಿನಲ್ಲಿ ಒಪ್ಪಿಸಲ್ಪಟ್ಟವು.

ಅಪೊಸ್ತಲರ ಕೃತ್ಯಗಳು 19ರಲ್ಲಿ ಎಫೆಸದ ವಿಶ್ವಾಸಿಗಳು ತಮ್ಮ ಮಾಟದ ಪುಸ್ತಕಗಳನ್ನು ತಾವಾಗಿಯೇ ತಂದು ಸುಟ್ಟರು. ಬೆಲೆ ಲೆಕ್ಕ ಹಾಕಿದಾಗ 50,000 ಬೆಳ್ಳಿನಾಣ್ಯ. ಅವುಗಳನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಯಾರೂ ಅಲ್ಲಿ ಹೇಳಲಿಲ್ಲ. ಕೆಲವು ಸರಕುಗಳನ್ನು ಒಳ್ಳೆಯ ಕಾರಣಕ್ಕೂ ಮಾರುವಂತಿಲ್ಲ. ಯಾವ ಅಧಿಕಾರಿಯೂ ಬರುವ ಮುಂಚೆಯೇ ಬೇಡಿಕೆ ಅಲ್ಲಿ ಸತ್ತಿತು. ಬೇಡಿಕೆಯ ಬೇರಿಗೆ ಕಾನೂನಿನ ಕೈ ತಲುಪದು. ಮಾಟಕ್ಕೆ ಹೆದರುವ ಮನೆಗೆ ಹೋಗಿ, ಆ ಭಯವನ್ನು ನಗದೆ ಕೇಳಿ, ಕ್ರಿಸ್ತನ ಜಯವನ್ನು ತಿಳಿಸುವ ಕೆಲಸ ಸಭಾಪಾಲಕನದು, ಪೊಲೀಸರದಲ್ಲ.

ಕೊನೆಯದಾಗಿ ಒಂದು ವ್ಯಾವಹಾರಿಕ ಸಂಗತಿ. ಗಾಯಗೊಂಡ ಗೂಬೆಯನ್ನೋ ಹೊಲದಲ್ಲಿ ಸಿಕ್ಕ ಆಮೆಯನ್ನೋ ಸಭೆಯವರು ಪಾಲಕರ ಮನೆಗೆ ತರುವುದುಂಟು. ಕರುಣೆಯಿಂದಲೇ ಆದರೂ ಅದನ್ನು ಸಾಕಿಕೊಳ್ಳುವುದು ಕಾನೂನಿಗೆ ವಿರುದ್ಧ. ಸರ್ಕಾರದ ಸ್ವತ್ತೆಂದು ಕಾಯಿದೆ ಗಣಿಸುವ ವನ್ಯಪ್ರಾಣಿ ಯಾವ ರೀತಿಯಲ್ಲಿ ವಶಕ್ಕೆ ಬಂದರೂ 48 ಗಂಟೆಗಳ ಒಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಪಡೆದ ಅಧಿಕಾರಿಗೋ ತಿಳಿಸಬೇಕೆಂದು 39ನೆಯ ಸೆಕ್ಷನ್ ಹೇಳುತ್ತದೆ. ಆ ತನಕ ಹಕ್ಕಿಯನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಾದ ಕೋಣೆಯಲ್ಲಿ, ಮಕ್ಕಳ ಗದ್ದಲದಿಂದ ದೂರ ಇಡಬೇಕು. ಬಾಯಿಗೆ ನೀರು ಹೊಯ್ಯಬಾರದು. ತಂದವರ ಹೆಸರನ್ನು ಬರೆದುಕೊಂಡು, ಅವರನ್ನೂ ಜೊತೆಗೆ ಕರೆದುಕೊಂಡು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗುವುದು ಒಳ್ಳೆಯದು. ಒಬ್ಬರೇ ಹೋದರೆ ಹೆದರುವವರು ಪಾಲಕರು ಪಕ್ಕದಲ್ಲಿದ್ದರೆ ಹೆದರುವುದಿಲ್ಲ.